ವಿಕ್ಸ್‌ಬರ್ಗ್ ಸೋತದ್ದು ಜುಲೈ 4ರಂದಲ್ಲ, ಮೇ 16ರಂದು

ನಮಸ್ಕಾರ. ಅಮೆರಿಕದ ಅಂತರ್ಯುದ್ಧದ ಕುರಿತ ಕಳೆದ ಸಂಚಿಕೆಯನ್ನು ನೋಡಿದ ವೀಕ್ಷಕರೊಬ್ಬರು, ಗೆಟಿಸ್‌ಬರ್ಗ್‌ನಂಥ ದೊಡ್ಡ ಯುದ್ಧ ಇರುವಾಗ ಚಾಂಪಿಯನ್ ಹಿಲ್‌ನಂಥ ಸಣ್ಣ ಕಾಳಗಕ್ಕೆ ಇಷ್ಟು ಹೊತ್ತು ಏಕೆ ಎಂದು ಕೇಳಿದ್ದಾರೆ. ಸಣ್ಣ ಕಾಳಗವಂತೆ!

1863ರ ಏಪ್ರಿಲ್ 30ರಂದು ಮಿಸಿಸಿಪ್ಪಿ ನದಿಯನ್ನು ದಾಟಿದ ಉತ್ತರದವರ ಜನರಲ್ ಗ್ರಾಂಟ್, ಅದೇ ನದಿಯ ದಂಡೆಯಲ್ಲಿ ದಕ್ಷಿಣದವರ ಕೋಟೆಯಾಗಿದ್ದ ವಿಕ್ಸ್‌ಬರ್ಗಿಗೆ ನೇರವಾಗಿ ನುಗ್ಗದೆ ಈಶಾನ್ಯಕ್ಕೆ ತಿರುಗಿ, ಮೇ 14ರಂದು ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜ್ಯಾಕ್ಸನ್ನನ್ನು ವಶಪಡಿಸಿಕೊಂಡು, ಅಲ್ಲಿಂದ ಪಶ್ಚಿಮಕ್ಕೆ ಹೊರಳಿದನು. ಎದುರು ಪಕ್ಷದಲ್ಲಿ, ವಿಕ್ಸ್‌ಬರ್ಗ್ ಕಾಯುತ್ತಿದ್ದ ಜನರಲ್ ಪೆಂಬರ್ಟನ್‌ನ ಪಾಡು ಯಾರಿಗೂ ಬೇಡ: ವಿಕ್ಸ್‌ಬರ್ಗನ್ನು ಬಿಡಕೂಡದೆಂದು ದಕ್ಷಿಣದವರ ಅಧ್ಯಕ್ಷ ಡೇವಿಸ್, ಹೊರಗೆ ಬಂದು ತನ್ನನ್ನು ಕೂಡಿಕೊಳ್ಳಬೇಕೆಂದು ಜನರಲ್ ಜಾನ್‌ಸ್ಟನ್. ಇಬ್ಬರ ಮಾತನ್ನೂ ಅರ್ಧರ್ಧ ಪಾಲಿಸಿದ ಆತ ಮೇ 16ರಂದು ಚಾಂಪಿಯನ್ ಹಿಲ್ ಎಂಬ ಗುಡ್ಡದ ಬಳಿ ಸುಮಾರು 22,000 ಸೈನಿಕರೊಂದಿಗೆ ಗ್ರಾಂಟ್‌ನ 32,000 ಸೈನಿಕರಿಗೆ ಎದುರಾದನು. ಗುಡ್ಡದ ನೆತ್ತಿ ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸಿತು. ಸಂಜೆಯ ಹೊತ್ತಿಗೆ ಪೆಂಬರ್ಟನ್ ಸುಮಾರು 3,800 ಮಂದಿಯನ್ನೂ 27 ಫಿರಂಗಿಗಳನ್ನೂ ಕಳೆದುಕೊಂಡಿದ್ದನು. ಅಲ್ಲಿದ್ದ ಅವನ ಮೂರು ಡಿವಿಜನ್‌ಗಳಲ್ಲಿ ಒಂದಾದ ಲೋರಿಂಗ್‌ನ ಪಡೆ ಬೇರ್ಪಟ್ಟು, ವಿಕ್ಸ್‌ಬರ್ಗಿಗೆ ಮರಳಲೇ ಇಲ್ಲ.

ವಿಕ್ಸ್‌ಬರ್ಗ್ ಸೋತದ್ದು ಆ ಸಂಜೆ. ಮರುದಿನ ಬಿಗ್ ಬ್ಲ್ಯಾಕ್ ನದಿಯ ಸೇತುವೆಯ ಬಳಿಯೂ ಪೆಟ್ಟು ತಿಂದು ನಗರ ಸೇರಿಕೊಂಡ ಸೇನೆಗೆ ಉಳಿದದ್ದು ಮುತ್ತಿಗೆಯೊಳಗೆ, ಶರಣಾದ ಜುಲೈ 4ರವರೆಗಿನ ಹಸಿವು ಮಾತ್ರ. ಮೇ 19 ಮತ್ತು 22ರ ಗ್ರಾಂಟ್‌ನ ದಾಳಿಗಳನ್ನು ಪೆಂಬರ್ಟನ್ ಹಿಮ್ಮೆಟ್ಟಿಸಲಿಲ್ಲವೇ ಎಂದು ಕೇಳುವ ಪಂಡಿತರಿದ್ದಾರೆ. ಹಿಮ್ಮೆಟ್ಟಿಸಿದನು ಸ್ವಾಮಿ, ಆಮೇಲೆ ಎಲ್ಲಿಗೆ ಹೋದನು? (ಇಷ್ಟು ಹೊತ್ತು ಕೇಳಿದವರು ದಯವಿಟ್ಟು ವಾಹಿನಿಗೆ ಚಂದಾದಾರರಾಗಿ, ಜಗಳವಾಡಲು ಬಂದವರು ಮೊದಲು ಆಗಿ.)

ಇನ್ನು ಗೆಟಿಸ್‌ಬರ್ಗ್. ಅಲ್ಲಿ ಸೋತ ದಕ್ಷಿಣದವರ ಜನರಲ್ ಲೀ ತನ್ನ ಸೇನೆಯೊಂದಿಗೆ ವರ್ಜೀನಿಯಾಕ್ಕೆ ಮರಳಿ 1865ರ ಏಪ್ರಿಲ್‌ವರೆಗೂ ಕಾದಾಡಿದನು. ವಿಕ್ಸ್‌ಬರ್ಗ್‌ನಲ್ಲಿ ಸುಮಾರು 29,000 ಮಂದಿಯ ಇಡೀ ಸೇನೆಯೇ ಶರಣಾಯಿತು. ಐದು ದಿನಗಳಲ್ಲಿ ನದಿಯ ಮೇಲೆ ದಕ್ಷಿಣದವರಿಗೆ ಉಳಿದಿದ್ದ ಕೊನೆಯ ಕೋಟೆ ಪೋರ್ಟ್ ಹಡ್ಸನ್ ಕೂಡ ಬಿದ್ದು ಮಿಸಿಸಿಪ್ಪಿ ನದಿ ಪೂರ್ತಿಯಾಗಿ ಉತ್ತರದವರ ಪಾಲಾಯಿತು. ಇದೆಲ್ಲಕ್ಕೂ ಬಾಗಿಲು ತೆರೆದದ್ದು ಯಾವ ಗುಡ್ಡ? ಚಾಂಪಿಯನ್ ಹಿಲ್. ಇನ್ನೊಮ್ಮೆ ಹೇಳುತ್ತೇನೆ, ಚಾಂಪಿಯನ್ ಹಿಲ್! ಕಾರಣ ಇನ್ನೂ ಬೇಕೆನ್ನುವವರು ನಕಾಶೆಯನ್ನು ನೋಡಲಿ. ನೋಡಿಯೂ ಒಪ್ಪದವರಿಗೆ ನನ್ನಲ್ಲಿ ಮದ್ದಿಲ್ಲ. ಮುಂದಿನ ವಾರ, ಅದೇ ದಿನ ಎಡಪಾರ್ಶ್ವದಲ್ಲಿ ಮಧ್ಯಾಹ್ನದವರೆಗೆ ಮೀನಮೇಷ ಎಣಿಸುತ್ತ ನಿಂತ ಗ್ರಾಂಟ್‌ನ ಸೇನಾನಿ ಮೆಕ್ಲರ್ನಾಂಡ್‌ನ ವಿಚಾರಣೆ. ಅವನ ಅಭಿಮಾನಿಗಳಿದ್ದರೆ ಈಗಲೇ ಬರೆಯಬಹುದು.