ಸೀತಾಳೆ ಸಿಡುಬು ಎದ್ದವರಿಗೆ ಮೀಯುವ ನೀರು

ಕೇಳುಗರೆಲ್ಲರಿಗೂ ನಮಸ್ಕಾರ. ಚಳಿ ಇಳಿದು ಬಿಸಿಲು ಏರತೊಡಗುವ ದಿನಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಮೈತುಂಬ ನೀರುಗುಳ್ಳೆ ಎದ್ದರೆ, ಅಮ್ಮ ಬಂದಿದ್ದಾಳೆ, ಮೈಗೆ ನೀರು ಸೋಕಿಸಬಾರದು ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಭಯಭಕ್ತಿ ಬೆಳೆದು ಬಂದದ್ದು ಮಾರಕ ಸಿಡುಬಿನ ಕಾಲದಲ್ಲಿ. ಆ ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಈಗ ನಾವು ಕಾಣುವ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್, ಬೇರೆಯದೇ ವೈರಾಣುವಿನಿಂದ ಬರುವ ಕಾಯಿಲೆ. ಇದರಲ್ಲಿ ದಿನಕ್ಕೊಮ್ಮೆ ಮೀಯಿಸುವುದರಿಂದ ಕೆಡುಕಿಲ್ಲ, ಒಳಿತೇ ಇದೆ.

ಗುಳ್ಳೆ ತಾನಾಗಿ ಒಣಗಿದರೆ ಸಾಮಾನ್ಯವಾಗಿ ಕಲೆ ಉಳಿಯುವುದಿಲ್ಲ. ಬೆವರು, ಕೊಳೆ ಕಟ್ಟಿದ ಮೈ ತುರಿಸಿ, ಮಗು ಉಗುರಿನಿಂದ ಕೆರೆದುಕೊಂಡು, ಒಡೆದ ಗುಳ್ಳೆಯೊಳಗೆ ಬ್ಯಾಕ್ಟೀರಿಯಾ ಸೇರಿ ಕೀವಾದಾಗಲೇ ಹೆಚ್ಚಾಗಿ ಆಳವಾದ ಗುಳಿ ಬೀಳುವುದು. ಆದುದರಿಂದ ಮೊದಲು ಉಗುರು ಕತ್ತರಿಸಿ, ಆಮೇಲೆ ನೀರು ಕಾಯಿಸಿರಿ.

ಆ ನೀರಿನ ಹದದಲ್ಲೇ ನಮ್ಮ ಮಲೆನಾಡಿನವರು ಎಡವುವುದು. ಬಚ್ಚಲ ಒಲೆಗೆ ಕುಂಟೆ ತುಂಬಿ, ಹಂಡೆಯಲ್ಲಿ ಹಬೆಯಾಡುವ ನೀರನ್ನು ಮೈ ಕೆಂಪಾಗುವ ತನಕ ಹೊಯ್ದುಕೊಳ್ಳುವುದು ನಮಗೆ ರೂಢಿ. ಸುಡುನೀರು ಚರ್ಮವನ್ನು ಒಣಗಿಸಿ ತುರಿಕೆಯನ್ನು ಕೆರಳಿಸುತ್ತದೆ. ಮೊಣಕೈ ಅದ್ದಿದರೆ ಹಿತವೆನಿಸುವ ಉಗುರುಬೆಚ್ಚಗಿನ ನೀರು ಸಾಕು. ಬೇವಿನೆಲೆ ಹಾಕಿದ ನೀರನ್ನು ಬಿಸಿಲಿಗಿಟ್ಟು ಮೀಯಿಸುತ್ತಿದ್ದ ಹಳೆಯ ಕ್ರಮ ನನಗೆ ಇಂದಿಗೂ ಒಪ್ಪಿಗೆ, ಏಕೆಂದರೆ ಬಿಸಿಲು ಕಾಯಿಸಿದ ನೀರು ಸರಿಯಾಗಿ ಆ ಹದಕ್ಕೇ ಬರುತ್ತದೆ. ಘಟ್ಟದ ಮಳೆಯಲ್ಲಿ ಬೇವು ಅಪರೂಪ. ಸಿಗದಿದ್ದರೆ ಕೊರಗಬೇಕಾಗಿಲ್ಲ, ಬರೀ ನೀರಾದರೂ ಆದೀತು. ಬೇವು, ಅರಿಸಿನ ಅರೆದು ಒಡೆದ ಗುಳ್ಳೆಗಳಿಗೆ ಮೆತ್ತುವುದು ಮಾತ್ರ ಬೇಡ.

ಸೀಗೆಪುಡಿ, ಕಡಲೆಹಿಟ್ಟು, ಮೈಯುಜ್ಜುವ ನಾರು ಇವೆಲ್ಲವನ್ನೂ ಬದಿಗಿಡಿ. ಸೌಮ್ಯವಾದ ಸೋಪನ್ನು ಅಂಗೈಯಲ್ಲಿ ನೊರೆ ಮಾಡಿ ಮೆಲ್ಲಗೆ ಸವರಿ, ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ, ಹಳೆಯ ಮೆತ್ತನೆಯ ಹತ್ತಿ ಪಂಚೆಯಿಂದ ತಿಕ್ಕದೆ ಒತ್ತಿ ಒತ್ತಿ ನೀರು ತೆಗೆಯಿರಿ. ಆ ಬಟ್ಟೆಯನ್ನು ಬೇರೆಯವರು ಬಳಸದೆ ಒಗೆದು ಬಿಸಿಲಿಗೆ ಹರವಬೇಕು. ಮೈ ಆರಿದ ಮೇಲೆ ಕ್ಯಾಲಮೈನ್ ಲೋಶನ್ ಹಚ್ಚಿದರೆ ತುರಿಕೆ ತಗ್ಗುತ್ತದೆ. ಅದು ಕಣ್ಣಿಗೆ, ಬಾಯಿಗೆ ತಾಗಬಾರದು. ತೊಡಿಸುವುದು ಸಡಿಲವಾದ ಹತ್ತಿಯ ಅಂಗಿ. ಚಳಿಯೆಂದು ಕಂಬಳಿ ಹೊದಿಸಿದರೆ ಬೆವರಿ ಮತ್ತೆ ತುರಿಸುತ್ತದೆ.

ಹಕ್ಕಳೆಯನ್ನು ಕೀಳಬೇಡಿ, ಅದು ತಾನಾಗಿ ಉದುರಲಿ. ಎಣ್ಣೆ ಹಚ್ಚಿ ತಿಕ್ಕುವ ಅಭ್ಯಂಜನವೂ ಆ ತನಕ ಕಾಯಲಿ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಸೋಂಕು ಇತರರಿಗೆ ಹರಡುತ್ತದೆಯಾದ್ದರಿಂದ ಮಗುವನ್ನು ಶಾಲೆಗೆ ಕಳುಹಿಸಬಾರದು. ಚಿಕನ್ ಪಾಕ್ಸ್ ಆಗದಿರುವ ಬಸುರಿಯರು ಅದರ ಆರೈಕೆಗೆ ನಿಲ್ಲಲೂಬಾರದು. ಗುಳ್ಳೆಯ ಸುತ್ತ ಕೆಂಪು ಹರಡಿ ಊದಿಕೊಂಡರೆ, ಕೀವು ಕಂಡರೆ, ಇಳಿದ ಜ್ವರ ಮತ್ತೆ ಏರಿದರೆ, ಮಗು ಮಂಪರಿನಲ್ಲಿದ್ದರೆ ಅಥವಾ ಉಸಿರಿಗೆ ಕಷ್ಟಪಟ್ಟರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಮಸ್ಕಾರ.