ವಚನದ ಕೊನೆಯ ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಾದರೆ ಸಾಕು, ನಮ್ಮ ಮೊಬೈಲಿಗೆ ನಾಲ್ಕಾರು ಸುಭಾಷಿತ ಬಂದು ಬೀಳುತ್ತವೆ. ಬುದ್ಧ, ಸಾಕ್ರೆಟಿಸ್, ಬಸವಣ್ಣ, ಎಲ್ಲರೂ ಇರುತ್ತಾರೆ. ಓದುತ್ತೇವೆ, ನಾಲ್ಕು ಜನಕ್ಕೆ ಕಳಿಸುತ್ತೇವೆ, ಮರೆಯುತ್ತೇವೆ. ಆ ಮಾತಿನ ಹಾಗೆ ಒಂದು ದಿನವಾದರೂ ನಡೆದೆವಾ? ನಾನು ಇವತ್ತು ಕೇಳುವುದು ಇದೊಂದೇ.

'ನುಡಿದರೆ ಮುತ್ತಿನ ಹಾರದಂತಿರಬೇಕು' ಎಂಬ ವಚನ ನಿಮಗೆಲ್ಲ ಗೊತ್ತು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ವಿಜಯಪುರ ಜಿಲ್ಲೆಯಲ್ಲೇ ಇದೆ. ಶಾಲೆಯ ವೇದಿಕೆಯಲ್ಲಿ ಮಕ್ಕಳು ಮುತ್ತು, ಮಾಣಿಕ್ಯ, ಸ್ಫಟಿಕ ಎಂದು ಚಂದ ಹೇಳುತ್ತಾರೆ. ಭಾಷಣ ಮಾಡುವವರು ಮೊದಲ ಸಾಲಿಗೇ ನಿಲ್ಲಿಸುತ್ತಾರೆ. ಆದರೆ ವಚನದ ಜೀವ ಕೊನೆಯಲ್ಲಿದೆ. 'ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವನೆಂತೊಲಿವನಯ್ಯಾ?' ದಯವಿಟ್ಟು ಈ ಸಾಲನ್ನು ಬಿಡಬೇಡಿ.

ಈ ಸಾಲಿನ ಹಾಗೆ ಬದುಕಿದವರು ನಮ್ಮ ಊರಲ್ಲೇ ಇದ್ದರು. ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಾನೂನು ಓದಿ, ವಿಜಯಪುರಕ್ಕೆ ವಕೀಲಿಕೆಗೆ ಬಂದರು. ಕೈತುಂಬ ರೊಕ್ಕ ಗಳಿಸಬಹುದಿತ್ತು. ಆದರೆ ಅವರ ಮನಸ್ಸು ತಾಡೋಲೆಗಳ ಕಡೆ ಹೋಯಿತು. ಆಗ ವಚನದ ಓಲೆಗಳು ಎಷ್ಟೋ ಮನೆಗಳಲ್ಲಿ ದೇವರ ಜಗಲಿಯ ಮೇಲಿದ್ದವು. ಪೂಜೆ ಆಗುತ್ತಿತ್ತು, ಓದು ಆಗುತ್ತಿರಲಿಲ್ಲ. ಹಳಕಟ್ಟಿಯವರು ರಬಕವಿ, ಬನಹಟ್ಟಿ ಎಂದು ಊರೂರು ತಿರುಗಿದರು. ಓಲೆ ಕೇಳಿ ಪಡೆದರು, ಕೂತು ಪ್ರತಿ ಮಾಡಿದರು, ಒಂದಕ್ಕೊಂದು ತಾಳೆ ನೋಡಿದರು. ಸುಮ್ನೆ ಊಹಿಸಿಕೊಳ್ಳಿ. ಹಗಲು ಕೋರ್ಟು, ಉಳಿದ ಹೊತ್ತೆಲ್ಲ ಹುಳ ತಿಂದ ಓಲೆ!

1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಗಿ ಬಂತು. ಅಷ್ಟಕ್ಕೆ ಅವರು ನಿಲ್ಲಲಿಲ್ಲ. ಪುಸ್ತಕ ಅಚ್ಚು ಹಾಕಲು ಊರೂರು ಅಲೆಯುವುದು ಬೇಡ ಎಂದು ಸ್ವಂತ ಮನೆ ಮಾರಿದರು. ಆ ಹಣದಲ್ಲಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ ತೆರೆದರು. ಮನೆ ಮಾರಿದವರು ಬಾಡಿಗೆ ಮನೆಯಲ್ಲಿ ಉಳಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಅದೇ ವರ್ಷ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ದಾಸೋಹ ಎಂದು ವಚನ ಹೇಳುತ್ತದೆ, ಅಲ್ವಾ? ಇವರು ಅದನ್ನು ಮನೆಯ ಕಾಗದಪತ್ರದ ಮೇಲೆ ಸಹಿ ಹಾಕಿ ಮಾಡಿದರು. 1964ರಲ್ಲಿ ತೀರಿಕೊಳ್ಳುವಾಗ ಅವರ ಹತ್ತಿರ ಆಸ್ತಿ ಏನೂ ಇರಲಿಲ್ಲ. ಇವತ್ತು ನಾವು ವೇದಿಕೆ ಮೇಲೆ ವಚನ ಹೇಳುತ್ತೇವಲ್ಲ, ಅದರ ಹಿಂದೆ ಈ ಮನುಷ್ಯನ ದುಡಿಮೆ ಇದೆ. ಎಷ್ಟು ಜನಕ್ಕೆ ಇದು ಗೊತ್ತು ಹೇಳಿ?

ಹಳಕಟ್ಟಿಯವರ ಮಾತು ಬಂದರೆ ನನಗೆ ಸಮಯ ತಿಳಿಯುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಗ್ರೀಸ್ ದೇಶದ ಸಾಕ್ರೆಟಿಸ್ ಒಂದು ಪುಸ್ತಕವನ್ನೂ ಬರೆಯಲಿಲ್ಲ. ಕ್ರಿಸ್ತಪೂರ್ವ 399ರಲ್ಲಿ ಅವನಿಗೆ ಮರಣದಂಡನೆ ಆಯಿತು. ಗೆಳೆಯ ಕ್ರೀಟೋ ಸೆರೆಮನೆಗೆ ಬಂದು, ತಪ್ಪಿಸಿಕೊಂಡು ಹೋಗು, ಎಲ್ಲ ಏರ್ಪಾಟು ಆಗಿದೆ ಎಂದ. ಸಾಕ್ರೆಟಿಸ್ ಹೋಗಲಿಲ್ಲ. ಅನ್ಯಾಯಕ್ಕೆ ಅನ್ಯಾಯ ಉತ್ತರವಲ್ಲ ಎಂದು ಜೀವನವಿಡೀ ಹೇಳಿದ್ದವನು, ವಿಷದ ಬಟ್ಟಲು ಬಂದಾಗಲೂ ಆ ಮಾತು ಬದಲಿಸಲಿಲ್ಲ.

ಅಷ್ಟು ದೂರ ಯಾಕೆ? ನಮ್ಮ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ನಿಮ್ಮಲ್ಲಿ ಎಷ್ಟೋ ಮಂದಿ ನೋಡಿದ್ದೀರಿ. ಅವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡ ಎಂದರು. ತಮಗೆ ಸ್ಮಾರಕ ಕಟ್ಟಬಾರದೆಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿಯಲ್ಲಿ ಅವರನ್ನು ಬೀಳ್ಕೊಡಲು ಸೇರಿದ ಜನಸಾಗರ ನೀವು ಕಂಡಿದ್ದೀರಿ.

ಒಂದು ವಿನಂತಿ. ಗೋಲಗುಂಬಜ್ ತೋರಿಸಲು ಮಕ್ಕಳನ್ನು ಕರೆದುಕೊಂಡು ವಿಜಯಪುರಕ್ಕೆ ಬರುತ್ತೀರಿ. ಮುಂದಿನ ಸಲ ಬಂದಾಗ ಇದೇ ಊರಿನಲ್ಲಿರುವ ಹಳಕಟ್ಟಿ ಸಂಶೋಧನ ಕೇಂದ್ರವನ್ನೂ ವಿಚಾರಿಸಿಕೊಂಡು ಹೋಗಿ. ಮನೆ ಮಾರಿದ ಕಥೆಯನ್ನು ದಾರಿಯಲ್ಲೇ ಮಕ್ಕಳಿಗೆ ಹೇಳಿ. ನಮಸ್ಕಾರ.