ದೂರದ ಕಂಪ್ಯೂಟರ್‌ಗೆ ಇಲ್ಲಿಂದಲೇ ಕೈ ಹಾಕುವುದು

ಕೇಳುಗರೆಲ್ಲರಿಗೂ ನಮಸ್ಕಾರ.

1940ರ ಸೆಪ್ಟೆಂಬರ್ 11ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತಜ್ಞರ ಸಭೆ ನಡೆದಿತ್ತು. ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯ ಜಾರ್ಜ್ ಸ್ಟಿಬಿಟ್ಜ್ ಅಲ್ಲೊಂದು ಟೆಲಿಟೈಪ್, ಅಂದರೆ ತಂತಿಯ ಮೂಲಕ ಅಕ್ಷರ ಕಳಿಸುವ ಟೈಪ್‌ರೈಟರ್, ಇಟ್ಟು, ಬೇಕಾದ ಲೆಕ್ಕ ಒತ್ತಿ ನೋಡಿ ಎಂದರು. ಉತ್ತರವೇನೋ ಬಂತು, ಆದರೆ ಲೆಕ್ಕ ಮಾಡಿದ ಯಂತ್ರ ಇದ್ದದ್ದು ನ್ಯೂಯಾರ್ಕ್‌ನಲ್ಲಿ! ದೂರದ ಗಣಕವನ್ನು ತಂತಿಯ ಮೇಲೆ ದುಡಿಸುವ ಕೆಲಸ ಅಷ್ಟು ಹಳೆಯದು.

ಈಗ ಡಲ್ಲಾಸ್‌ನಲ್ಲಿರುವ ಮಗಳು ದಾವಣಗೆರೆಯ ಅಪ್ಪನ ಪ್ರಿಂಟರ್ ಸರಿಮಾಡುತ್ತಾಳೆ. ವಿಂಡೋಸ್‌ನಲ್ಲಿ ಇದಕ್ಕೆಂದೇ ಕ್ವಿಕ್ ಅಸಿಸ್ಟ್ ಎಂಬ ಆ್ಯಪ್ ಇದೆ. ಮಗಳ ಕಡೆ ಒಂದು ಕೋಡ್ ಹುಟ್ಟುತ್ತದೆ, ಅಪ್ಪ ಅದನ್ನು ಟೈಪ್ ಮಾಡಿ ಒಪ್ಪಿಗೆ ಕೊಟ್ಟರೆ ಮುಗಿಯಿತು. ಎನಿಡೆಸ್ಕ್, ಟೀಮ್‌ವ್ಯೂವರ್, ರಸ್ಟ್‌ಡೆಸ್ಕ್ ಎಂಬ ಇಂಥವೇ ಆ್ಯಪ್‌ಗಳಲ್ಲಿ ಇದು ಉಲ್ಟಾ: ಅಪ್ಪನ ಪರದೆಯ ಮೇಲಿನ ನಂಬರನ್ನು ಮಗಳಿಗೆ ಓದಿ ಹೇಳಬೇಕು. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಕೂಡ ಇದೆಯಲ್ಲ ಅನ್ನಬಹುದು. ಇದೆ, ಆದರೆ ಹೋಮ್ ಆವೃತ್ತಿಯ ಕಂಪ್ಯೂಟರ್ ಬೇರೆಯವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದಕ್ಕೆ ಪ್ರೊ ಬೇಕು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಹೋಮೇ.

ಈ ನಂಬರು, ಕೋಡು ಯಾಕೆ ಬೇಕು? ಮನೆಯ ಕಂಪ್ಯೂಟರ್‌ಗೆ ಹೊರಗಿನವರು ನೇರವಾಗಿ ಹುಡುಕಿಕೊಂಡು ಬರುವಂಥ ವಿಳಾಸ ಇರುವುದಿಲ್ಲ. ರೂಟರ್‌ನ ಹಿಂದೆ ಅಡಗಿರುತ್ತದೆ, ಎಷ್ಟೋ ಸಲ ನೂರಾರು ಮನೆಗಳಿಗೆ ಸೇರಿ ಒಂದೇ ವಿಳಾಸ. ಹಾಗಾಗಿ ಎರಡೂ ಕಂಪ್ಯೂಟರ್‌ಗಳು ತಾವಾಗಿ ಹೊರಬಂದು ಕಂಪನಿಯ ಸರ್ವರ್‌ನಲ್ಲಿ ಭೇಟಿಯಾಗುತ್ತವೆ, ಮದುವೆ ದಲ್ಲಾಳಿಯ ಮನೆಯಲ್ಲಿ ಎರಡೂ ಕಡೆಯವರು ಸೇರಿದ ಹಾಗೆ. ಗುರುತಾದ ಮೇಲೆ ಸಾಧ್ಯವಾದರೆ ನೇರವಾಗಿ ಮಾತಾಡಿಕೊಳ್ಳುತ್ತವೆ, ಇಲ್ಲದಿದ್ದರೆ ಎಲ್ಲವೂ ಆ ಸರ್ವರ್ ಮೂಲಕವೇ. ಮೌಸ್ ತಡವಾಗಿ ಅಲ್ಲಾಡುವುದಕ್ಕೆ ಇದೂ ಒಂದು ಕಾರಣ.

ಸರ್ವರ್ ನೋಡಿಕೊಳ್ಳುವ ಎಂಜಿನಿಯರುಗಳಿಗೆ ಪರದೆಯ ಚಿತ್ರ ಬೇಕಿಲ್ಲ, ಅಕ್ಷರ ಸಾಕು. ಮೊದಲು ಇದಕ್ಕೆ ಟೆಲ್ನೆಟ್ ಎಂಬ ವಿಧಾನ ಇತ್ತು, ಅದರಲ್ಲಿ ಪಾಸ್‌ವರ್ಡ್ ಬತ್ತಲೆಯಾಗಿಯೇ ಹೋಗುತ್ತಿತ್ತು. 1995ರಲ್ಲಿ ಫಿನ್‌ಲ್ಯಾಂಡ್‌ನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚುಹಾಕಿ ಪಾಸ್‌ವರ್ಡ್‌ಗಳನ್ನು ಕದ್ದರು. ಅಲ್ಲಿನ ಟಾಟು ಯಲೊನೆನ್ ಆಗ ಬರೆದದ್ದೇ ಎಸ್‌ಎಸ್‌ಎಚ್, ಎಲ್ಲವನ್ನೂ ಗುಪ್ತಲಿಪಿಯಲ್ಲಿ ಕಳಿಸುವ ತಂತ್ರಾಂಶ. ಬೆಂಗಳೂರಿನ ನೈಟ್ ಶಿಫ್ಟ್‌ಗಳು ಇಂದಿಗೂ ಅದರ ಮೇಲೆ ನಡೆಯುತ್ತವೆ.

ಕಳ್ಳರಿಗೂ ಈ ದಾರಿ ಗೊತ್ತು. ಜನರ ಮೊಬೈಲ್‌ನಲ್ಲಿ ಎನಿಡೆಸ್ಕ್ ಹಾಕಿಸಿ ಖಾತೆ ಖಾಲಿ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. "ಕೆವೈಸಿ ಅಪ್‌ಡೇಟ್ ಮಾಡ್ತೀವಿ, ಆ ನಂಬರ್ ಓದಿ ಹೇಳಿ ಸರ್" ಎಂದು ಫೋನ್ ಬರುತ್ತದೆ. ಓದಿ ಹೇಳಿ ಒಪ್ಪಿಗೆ ಒತ್ತಿದರೆ ನಿಮ್ಮ ಓಟಿಪಿ ಅವರಿಗೂ ಕಾಣುತ್ತದೆ. ನನ್ನ ಲೆಕ್ಕದಲ್ಲಿ ನಿಯಮ ಒಂದೇ: ಸಹಾಯ ಕೇಳಿ ಫೋನ್ ಮಾಡಿದವರು ನೀವಾಗಿದ್ದರೆ ಮಾತ್ರ ನಂಬರು ಹೇಳಿ. ಆಗಲೇ ಹೇಳಿಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಕಿತ್ತುಹಾಕಿ, ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನೊಂದು ಮಾತು, ಊರಿನ ಕಡೆಯವರಿಗೆ. ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆಫ್ ಆದರೆ ಡಲ್ಲಾಸ್‌ನಿಂದ ಏನೂ ಮಾಡಲಾಗದು. ಬಹಳಷ್ಟು ಡೆಸ್ಕ್‌ಟಾಪ್‌ಗಳ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ, ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಸೆಟ್ಟಿಂಗ್ ಇರುತ್ತದೆ. ಮಗಳು ಮುಂದಿನ ಸಲ ರಜೆಗೆ ಬಂದಾಗ ಅದನ್ನು ಮಾಡಿಸಿಟ್ಟುಕೊಳ್ಳಿ, ರೂಟರ್‌ಗೊಂದು ಸಣ್ಣ ಯುಪಿಎಸ್ ಕೂಡ ತರಿಸಿ.

ನಮಸ್ಕಾರ.